ಹದಗೊಂಡ ಮೊಳೆ



ಬೂವನಹಳ್ಳಿಯ ಸೀಮೆಯವರಾದ ನಾವು ಚನ್ನರಾಯಪಟ್ಟಣದ ಕಡೆಗೆ ಹೋದಾಗ ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ನೋಡಿದ್ದೇವೆ. ಅದು ಬೋಳು ಬಂಡೆ. ಆದರೂ ಕಲ್ಲಿನಲ್ಲಿಯೇ ಮೆಟ್ಟಿಲು ಕಡಿದಿರುವದರಿಂದ ಮುದುಕರೂ ಏರುತ್ತಾರೆ. ಮೆಟ್ಟಿಲೇ ಇಲ್ಲದೆ ಗೋಡೆಯಂತೆ ನೆಟ್ಟಗೆ ನಿಂತ ಬಂಡೆಯನ್ನು ಏರುವವನು ಯಾವದನ್ನು ಆತುಕೊಳ್ಳಬೇಕು?

ಅಮೇರಿಕಾ ದೇಶದ ಯೋಸೆಮಿಟಿ ಕಣಿವೆಯಲ್ಲಿ ಅಂಥ ಬಂಡೆಗಳುಂಟು. 1899ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಆ ದೇಶದಲ್ಲಿ ನೆಲಸಿದ ಜಾನ್ ಸಲಾಥೆ ಎಂಬ ಕಮ್ಮಾರನು ತನ್ನ 45 ವರುಷದ ಸುಮಾರಿನಲ್ಲಿ ಬಂಡೆ ಏರಲಾರಂಭಿಸಿದನು. ಆ ಕಾಲದವರು ಮೆದು ಕಬ್ಬಿಣದ ಮೊಳೆಗಳನ್ನು ಬಂಡೆಯ ಬಿರುಕಿಗೆ ಹೊಡೆದು, ಹಗ್ಗ ಸಿಕ್ಕಿಸಿ ಏರುತ್ತಿದ್ದರು. ಗಟ್ಟಿ ಕಲ್ಲಿನಲ್ಲಿ ಅವು ಬಾಗಿ ಕೆಡುತ್ತಿದ್ದವು. ಸಲಾಥೆಯು ಕುಲುಮೆಯಲ್ಲಿ ಗಟ್ಟಿ ಉಕ್ಕನ್ನು ಕಾಯಿಸಿ ಬಡಿದು ಹೊಸ ಮೊಳೆಗಳನ್ನು ಮಾಡಿದನು. ಹಳೆಯ ಫೋರ್ಡ್ ಮೋಟಾರಿನ ಅಚ್ಚೇ ಆ ಉಕ್ಕಾಗಿತ್ತೆಂದು ಹೇಳುವದುಂಟು. ಅವು ಬಾಗಲಿಲ್ಲ, ಕಿತ್ತು ಪುನಃ ಪುನಃ ಹೊಡೆಯುವದಕ್ಕೂ ಬಂದವು. 1947ರಲ್ಲಿ ಅವನೂ ಆಂಟನ್ ನೆಲ್ಸನನೂ ಲಾಸ್ಟ್ ಆರೋ ಎಂಬ ಕೋಡುಗಲ್ಲನ್ನು ಬುಡದಿಂದ ತುದಿಯ ತನಕ 5 ದಿವಸಗಳಲ್ಲಿ ಏರಿದರು. 1950ರಲ್ಲಿ ಅವನು ಆಲನ್ ಸ್ಟೆಕ್ ಎಂಬ ಯುವಕನೊಂದಿಗೆ, ಸುಡುಬಿಸಿಲಲ್ಲಿ ಬಾಯಾರುತ್ತಾ, ಸೆಂಟಿನಲ್ ಬಂಡೆಯ ಉತ್ತರ ಮುಖವನ್ನು ಏರಿದನು. ಅದಕ್ಕೂ 5 ದಿವಸ ಹಿಡಿದವು.

ಪ್ರಿಯರೇ, ಕುಂದು ಇದ್ದದ್ದು ಮೊದಲಿನ ಮೊಳೆಗಳಲ್ಲಿಯೇ. ಬಂಡೆಯು ಎಂದಿನಂತೆ ಸ್ಥಿರವಾಗಿತ್ತು. ನಮ್ಮ ಕರ್ತನೂ ಅಲುಗದ ಬಂಡೆಯಾಗಿದ್ದಾನೆ. ಆದರೆ ಆತನಲ್ಲಿ ನಾವು ಊರಿರುವ ವಿಶ್ವಾಸವು ಎಂಥದು? ಸುಗ್ಗಿಯಲ್ಲಿ ಸ್ತೋತ್ರ ಹಾಡುತ್ತೇವೆ. ರಾಗಿಯ ಪೈರು ಒಣಗಿದಾಗ, ಎಳೆಯ ಮಗುವಿಗೆ ಜ್ವರ ಏರಿದಾಗ, ನೆಂಟರು ಮದುವೆಯ ಪಂಕ್ತಿಯಿಂದ ನಮ್ಮನ್ನು ದೂರವಿಟ್ಟಾಗ, ಅದೇ ನಾಲಿಗೆಯು ಕಣಿ ಕೇಳುವದಕ್ಕೂ ಹರಕೆ ಹೊರುವದಕ್ಕೂ ತಿರುಗಿದರೆ ನಮ್ಮ ವಿಶ್ವಾಸವು ಮೆದು ಕಬ್ಬಿಣವೇ ಸರಿ.

ನೇಗಿಲ ಕುಳವನ್ನು ಕುಲುಮೆಗೆ ಕೊಡುವ ರೈತನು ಬೆಂಕಿಯನ್ನು ಕಂಡು ಅಂಜುವದಿಲ್ಲ; ಹದವಿಲ್ಲದ ಕುಳವು ಹೊಲಕ್ಕೆ ಬಾರದೆಂದು ಬಲ್ಲನು. ಕಷ್ಟವೆಲ್ಲಾ ದೇವರ ದಂಡನೆಯೆಂದು ನಾವು ಹೇಳುವದಿಲ್ಲ. ಮಗುವಿಗೆ ಜ್ವರ ಬಂದರೆ ತಡಮಾಡದೆ ವೈದ್ಯರ ಬಳಿಗೆ ಒಯ್ಯತಕ್ಕದ್ದು. ಆದರೂ ಎಂಥ ಬೆಂಕಿಯಲ್ಲಿಯಾದರೂ ಇಕ್ಕಳವನ್ನು ಹಿಡಿದ ಆತನ ಕೈ ನಮ್ಮನ್ನು ಬಿಡುವದಿಲ್ಲವೆಂದು ನಂಬುತ್ತೇವೆ.

ಇನ್ನೊಂದು ಮಾತು. ಮುಂದಿನವನು ಹೊಡೆದ ಮೊಳೆಯನ್ನು ನಂಬಿ ಹಿಂದಿನವನು ಏರುತ್ತಾನೆ. ಮನೆಯಲ್ಲಿ ಮೊದಲು ದೀಕ್ಷಾಸ್ನಾನ ಹೊಂದಿದವರ ಹಗ್ಗದಲ್ಲಿ ಮಕ್ಕಳೂ ಮೊಮ್ಮಕ್ಕಳೂ ಇದ್ದಾರೆ. ನಾವು ಬಾಗಿದರೆ ಅವರೂ ಜಾರುವರು. ಆದಕಾರಣ ಸುಖದ ದಿನಗಳಲ್ಲಿಯೇ, ಪ್ರತಿ ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ, ನಮ್ಮ ವಿಶ್ವಾಸವನ್ನು ಹದಮಾಡಿಕೊಳ್ಳೋಣ. ಬಂಡೆಯಾದಾತನು ನಮ್ಮನ್ನು ಕೊನೆಯ ತನಕ ಹೊರಲಿ. ಆಮೆನ್.