ಡಾಂಬರಿನ ಕೆಳಗೆ

ಕಳೆದ ತಿಂಗಳು ಅಮೆರಿಕದ ಮಿನ್ನೆಸೋಟಾದಿಂದ ಗೆಳೆಯನೊಬ್ಬ ವಿಡಿಯೋ ಕಾಲ್ ಮಾಡಿದ್ದ. ನನ್ನ ಹಾಗೇ ಲಕ್ಷ್ಮೇಶ್ವರದವನು, ನನ್ನ ಹಾಗೇ ಕೋಡ್ ಬರೆದು ಬದುಕುವವನು. ಮೀನು ಹಿಡಿಯೋ ಹುಚ್ಚು ಹತ್ತಿ, 30 ವರ್ಷ ಹಳೆಯ ಅಲ್ಯೂಮಿನಿಯಂ ದೋಣಿಯೊಂದನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದಾನೆ. ದೋಣಿಯ ಹಿಂಬದಿಯ ನೆಟ್ಟನೆಯ ಗೋಡೆಗೆ ಟ್ರಾನ್ಸಮ್ ಅಂತಾರೆ. ಮೋಟಾರಿನ ಭಾರವೆಲ್ಲ ಅದರ ಮೇಲೇ. ಹೊರಗೆ ತಗಡು, ಒಳಗೆ ಪ್ಲೈವುಡ್. ಬೋಲ್ಟ್ ಬಿಚ್ಚಿ ನೋಡಿದರೆ ಪ್ಲೈವುಡ್ ನೆನೆದ ರೊಟ್ಟಿಯ ಹಾಗೆ ಕೈಗೆ ಬಂತಂತೆ. ಒದ್ದೆ ಕಟ್ಟಿಗೆ ತಾಗಿದ್ದ ಕಡೆಯೆಲ್ಲ ತಗಡಿಗೆ ಬಿಳಿ ಪುಡಿ, ಸೂಜಿ ಚುಚ್ಚಿದಂಥ ತೂತು.

ಈಗ ಕೊಳೆತದ್ದನ್ನು ಕಿತ್ತು, ತಗಡಿಗೆ ತೇಪೆ ಹಾಕಿ, ಎಲ್ಲ ಬದಿಗೂ ಎಪಾಕ್ಸಿ ಬಳಿದ ಹೊಸ ಪ್ಲೈವುಡ್ ಕೂರಿಸುತ್ತಿದ್ದಾನೆ. ತಾಮ್ರದ ಔಷಧಿ ಕುಡಿಸಿದ ಕಟ್ಟಿಗೆ ಮಾತ್ರ ಹಾಕಬಾರದು. ತೇವದಲ್ಲಿ ತಾಮ್ರ ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತೆ. "ಪಿಯುಸಿ ಕೆಮಿಸ್ಟ್ರಿ ಈಗ ಉಪಯೋಗಕ್ಕ ಬಂತು ನೋಡಲೇ" ಅಂತ ನಕ್ಕ. ಆಮೇಲೆ ಅಂದ: "ಕೊಳತದ್ದಕ್ಕ ಸಿಟ್ಟಿಲ್ಲ, ಹಳೇದು ಕೊಳೀತದ. ಆದ್ರ ಹಿಂದಿನಾಂವ ಗೊತ್ತಿದ್ದೂ ತೂತು ಮುಚ್ಚಿ ಬಣ್ಣ ಹೊಡದು ಮಾರ್‍ಯಾನಲ್ಲ, ಅದಕ್ಕ ಸಿಟ್ಟು."

ನಾನು ಹೂಂ ಅನ್ನಲೂ ಇಲ್ಲ. ನನಗೆ ಮಾವನ ಹರಿಗೋಲು ನೆನಪಾಗಿತ್ತು.

ನನ್ನ ಸೋದರಮಾವನದು ಮುಂಡರಗಿ ತಾಲ್ಲೂಕಿನ ಹೊಳೆದಂಡೆಯ ಊರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಡೊಮಿಂಗೊ ಪಾಯೆಸ್ ಇದೇ ತುಂಗಭದ್ರೆಯಲ್ಲಿ ತೊಗಲು ಹೊದಿಸಿದ ಬುಟ್ಟಿಯಂಥ ದೋಣಿಗಳನ್ನು ಕಂಡು ಬರೆದಿದ್ದಾನೆ. ತೊಗಲು ಹೋಗಿ ಯೂರಿಯಾ ಚೀಲ, ಡಾಂಬರು ಬಂದಿವೆ. ಒಳಗಿನ ಬಿದಿರಿನ ಹೆಣಿಗೆ ಹಾಗೇ ಇದೆ. ಮಾವ ಅಂಥದರಲ್ಲೇ ಮೀನು ಹಿಡಿದು ನನ್ನ ಬಿಇ ಫೀ ಕಟ್ಟಿದವನು.

8 ವರ್ಷದ ಹಿಂದೆ ಅವನಿಗೆ ರೊಕ್ಕದ ಅಡಚಣೆ ಬಂದು ಹರಿಗೋಲು ಮಾರಲು ನಿಂತ. ನಾನು ರಜೆಗೆ ಹೋಗಿದ್ದೆ. ತಳದ ದಬ್ಬೆಗಳು ಹುಳ ತಿಂದು ಮೆತ್ತಗಾಗಿದ್ದವು. ಹೆಬ್ಬೆರಳಿಂದ ಒತ್ತಿ ನೋಡೋದನ್ನು ಚಿಕ್ಕಂದಿನಲ್ಲಿ ಅವನೇ ಕಲಿಸಿದ್ದ. ಮಾವ ದಬ್ಬೆ ಬದಲಿಸಲಿಲ್ಲ. ಮೇಲೆ ಹೊಸ ಚೀಲ ಹೊಲಿದು, ದಪ್ಪಗೆ ಡಾಂಬರು ಬಳಿದ. ಹರಿಗೋಲು ಮಿರಿಮಿರಿ ಮಿಂಚಿತು. ನಾನು ಮುಖ ನೋಡಿದೆ. "ತಗೊಳ್ಳಾಂವ ನೋಡಿ ತಗೋಬೇಕು, ಅಳಿಯಾ. ಕೇಳಿದ್ರ ಹೇಳತೀನಿ" ಅಂದ.

ಕೊಳ್ಳಲು ಬಂದ ಹುಡುಗ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮೂರು ವಾರಕ್ಕೆ ನಡುಹೊಳೆಯಲ್ಲಿ ತಳ ಬಿಟ್ಟುಕೊಂಡಿತು. ಈಜು ಬರುತ್ತಿದ್ದುದರಿಂದ ಹುಡುಗ ಬದುಕಿದ. ಬಲೆ ಹೋಯಿತು. ಮುಂದೆ ಹಬ್ಬಕ್ಕೆ ಹೋದಾಗ ಸಿಕ್ಕ. ಜಗಳ ಮಾಡಲಿಲ್ಲ. "ಅಣ್ಣಾರ, ಅವತ್ತ ನೀವೂ ಅಲ್ಲೇ ನಿಂತಿದ್ರಿ ಅಲ್ರೀ?" ಅಂತ ಅಷ್ಟೇ ಕೇಳಿದ.

ಆ ಪ್ರಶ್ನೆಗೆ ಇಷ್ಟು ವರ್ಷ ಉತ್ತರ ಹುಡುಕಿದ್ದೇನೆ. ನೋಡಿ ಕೊಳ್ಳುವುದು ಕೊಳ್ಳುವವನ ಕೆಲಸ ಅನ್ನೋದು ಎತ್ತಿನ ಸಂತೆಗೆ ಸರಿ. ಅಲ್ಲಿ ಬಾಯಿ ತೆರೆದು ಹಲ್ಲು ಎಣಿಸಬಹುದು. ಡಾಂಬರು ಬಳಿದ ಮೇಲೆ ಕೊಳ್ಳುವವನು ಏನನ್ನು ಒತ್ತಿ ನೋಡಬೇಕು? ನೀರು ತಡೆಯೋ ಡಾಂಬರು ಕಣ್ಣನ್ನೂ ತಡೆಯುತ್ತೆ. ಬಳಿದ ಕೈಗೆ ಮಾತ್ರ ಒಳಗಿನದು ಗೊತ್ತು. ಹಾಗಾಗಿ ಹೇಳುವ ಹೊಣೆಯೂ ಅದರದೇ. ಮಾರಿದವನು ನಾನಲ್ಲ ಅನ್ನೋಣವೆಂದರೆ, ಬೆಂಗಳೂರಿನ ಇಂಜಿನಿಯರ್ ಪಕ್ಕದಲ್ಲೇ ಸುಮ್ಮನೆ ನಿಂತಿದ್ದಾನೆ ಅಂತಲೇ ಆ ಹುಡುಗ ಧೈರ್ಯ ತಗೊಂಡಿರಬಹುದು.

ಉಳಿದದ್ದು ಮಾವನ ಋಣ. ನಾನು ಬಾಯಿ ಮುಚ್ಚಿದ್ದು ಅದಕ್ಕೇ, ಮತ್ತು ಅದು ದೊಡ್ಡತನ ಅಂದುಕೊಂಡಿದ್ದೆ. ಆದರೆ ಋಣ ನನ್ನದಾದರೆ ತೀರಿಸಬೇಕಾದ್ದು ನನ್ನ ಜೇಬಿನಿಂದ. ಹೊಸ ದಬ್ಬೆಯ ಖರ್ಚು ನನ್ನ ಒಂದು ವೀಕೆಂಡಿನ ಖರ್ಚಿಗಿಂತ ಹೆಚ್ಚಿರಲಿಲ್ಲ. ನಾನು ಅದನ್ನು ಪರಿಚಯವೇ ಇಲ್ಲದ ಹುಡುಗನ ಜೀವದಿಂದ ತೀರಿಸಲು ಹೊರಟಿದ್ದೆ. ಮನೆಯವರಿಗೆ ನಿಷ್ಠೆ, ಟೀಮಿಗೆ ನಿಷ್ಠೆ ಅಂತೆಲ್ಲ ಹೇಳುವಾಗ ಈಗ ಒಂದೇ ಕೇಳಿಕೊಳ್ಳುತ್ತೇನೆ: ಇದರ ಬೆಲೆ ಕೊಡುವವನು ಯಾರು? ರಿಲೀಸ್ ದಿನ ಗೊತ್ತಿರುವ ಬಗ್ ಮುಚ್ಚಿಟ್ಟು "ಆಲ್ ಓಕೆ" ಅಂತ ಮೇಲ್ ಹಾಕಲು ಹೋದಾಗ ಆ ಹುಡುಗ ಎದುರು ಬಂದು ನಿಲ್ಲುತ್ತಾನೆ.

ಬಲೆಯ ದುಡ್ಡು ಆಮೇಲೆ ಕೊಟ್ಟೆ. ಮಾವ ಒಂದು ಮಾತೂ ಆಡದೆ ಆ ಹರಿಗೋಲಿನ ತಳವನ್ನು ಪೂರ್ತಿ ಬಿಚ್ಚಿ, ಹೊಸ ದಬ್ಬೆ ಹೆಣೆದು ಕೊಟ್ಟ. ನಮ್ಮಿಬ್ಬರ ನಡುವೆ ಆ ವಿಷಯ ಇವತ್ತಿಗೂ ಬಂದಿಲ್ಲ.

ಮಿನ್ನೆಸೋಟಾದ ಗೆಳೆಯನಿಗೆ ಮೊನ್ನೆ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಒಂದು ಫೋಟೋ ಕಳಿಸಿದ. ಹೊಸ ಪ್ಲೈವುಡ್ ಮುಚ್ಚುವ ಮುಂಚೆ ತೆಗೆದದ್ದು, ತೂತು, ತೇಪೆ, ಎಲ್ಲಾ ಕಾಣುತ್ತಿತ್ತು. ಕೆಳಗೆ ಬರೆದಿದ್ದ: "ಮುಂದ ತಗೊಳ್ಳಾಂವಗ ತೋರಸಾಕ ಇಟ್ಟೀನಿ."