ಸೇವಾ ಸಂಘದ ಕಾರ್ಯದರ್ಶಿ

ಮೊನ್ನೆ ಮೊಮ್ಮಗಳು ಒಂದು ಫಾರಂ ತಂದು ನನ್ನ ಮುಂದಿಟ್ಟು, "ಅಜ್ಜಿ, ಇಲ್ಲೊಂದು ಸಹಿ ಹಾಕು" ಎಂದಳು. ಅವಳೀಗ ಒಂಬತ್ತನೇ ತರಗತಿ. ಅವಳದು ಐಸಿಎಸ್‌ಇ ಶಾಲೆ. ಅಲ್ಲಿ ಸಮುದಾಯ ಸೇವೆಗೂ ಶ್ರೇಣಿ ಕೊಡುತ್ತಾರೆ. ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆಯ ಮಗಳಿಗೆ ಇವಳು ಭಾನುವಾರಗಳಲ್ಲಿ ಇಂಗ್ಲಿಷ್ ಹೇಳಿಕೊಡುತ್ತಾಳೆ. ಪಾಠ ಮುಗಿದ ಮೇಲೆ ಇಬ್ಬರೂ ತಾರಸಿಗೆ ಹೋಗಿ ಕುಂಡಗಳ ಮಧ್ಯೆ ಕೂತಿರುತ್ತಾರೆ. ಫಾರಂನಲ್ಲಿ ಎಷ್ಟು ಗಂಟೆ, ಏನು ಸೇವೆ ಎಂದೆಲ್ಲ ತುಂಬಿದ್ದಳು. ಕೊನೆಯ ಕಾಲಂ ಇಂಗ್ಲಿಷಿನಲ್ಲಿತ್ತು; ನಮ್ಮ ಭಾಷೆಯಲ್ಲಿ ಹೇಳುವುದಾದರೆ 'ಫಲಾನುಭವಿಯ ಹೆಸರು'. ಅಲ್ಲಿ ಆ ಹುಡುಗಿಯ ಹೆಸರನ್ನು ದುಂಡಗೆ ಬರೆದಿದ್ದಳು.

ನನ್ನ ಪೆನ್ನು ಅಲ್ಲೇ ನಿಂತಿತು. ಇಂಥದ್ದೇ ದುಂಡನೆಯ ಅಕ್ಷರದಲ್ಲಿ ನಾನೂ ಒಂದು ಕಾಲದಲ್ಲಿ ಹೆಸರು ಬರೆದವಳು.

ನಮ್ಮದು ಕೊಬ್ಬರಿ ಮಂಡಿಯ ಊರು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಶನಿವಾರದ ಕೊನೆಯ ಪೀರಿಯಡ್ಡು ಸಂಘಗಳಿಗೆ ಮೀಸಲು. ಸಾಹಿತ್ಯ ಸಂಘ, ವಿಜ್ಞಾನ ಸಂಘ, ಗೈಡ್ಸ್, ಸೇವಾ ಸಂಘ. ಈಗಿನವರಿಗೆ ಹೇಳಿದರೆ ನಗುತ್ತಾರೆ, ಆ ಒಂದು ಪೀರಿಯಡ್ಡಿಗಾಗಿ ನಾವು ವಾರವೆಲ್ಲ ಕಾಯುತ್ತಿದ್ದೆವು. ಐದು ಗಂಟೆಗೆ ಮನೆಯಲ್ಲಿರಬೇಕಾದ ಹುಡುಗಿ ಸಂಘದ ಕೆಲಸ ಅಂದರೆ ಆರೂವರೆಗೆ ಬರಬಹುದಿತ್ತು. ನಾನು ಮೊದಲ ಸಲ ಮನೆ ಬಿಟ್ಟು ಬೇರೆ ಕಡೆ ಮಲಗಿದ್ದು ಗೈಡ್ಸ್ ಶಿಬಿರದಲ್ಲಿ. ಮೈಕಿನ ಮುಂದೆ ನಿಂತು ಕಾಲು ನಡುಗಿಸಿದ್ದು, ಗಾಯಕ್ಕೆ ಪಟ್ಟಿ ಕಟ್ಟಲು ಕಲಿತದ್ದು, ಬ್ಯಾಂಕಿಗೆ ಹೋಗಿ ಚಲನ್ ತುಂಬಿದ್ದು ಎಲ್ಲ ಸಂಘದಿಂದಲೇ. ಆಮೇಲೆ ಸಂಸಾರದಲ್ಲಿ ನನಗೆ ಒದಗಿ ಬಂದದ್ದು ಬೀಜಗಣಿತವಲ್ಲ, ಇವೇ. ಸಂಘಗಳನ್ನು ಹಳಿಯಲು ಈ ಮಾತು ಶುರುಮಾಡಿದ್ದೇನೆಂದು ಯಾರೂ ತಿಳಿಯಬಾರದು.

ಗೈಡ್ಸ್‌ನಲ್ಲಿ ದಿನಕ್ಕೊಂದು ಸತ್ಕಾರ್ಯ ಮಾಡಬೇಕೆಂಬ ನಿಯಮವಿತ್ತು. ಬೆಳಿಗ್ಗೆ ಸ್ಕಾರ್ಫಿನ ತುದಿಗೆ ಗಂಟು ಹಾಕಿಕೊಳ್ಳುವುದು, ಸತ್ಕಾರ್ಯ ಮಾಡಿದ ಮೇಲೆ ಬಿಚ್ಚುವುದು. ಸಂಜೆಯಾದರೂ ಗಂಟು ಉಳಿದರೆ ಅವಮಾನ. ಹಾಗಾಗಿ ನಾವು ಸತ್ಕಾರ್ಯಕ್ಕಾಗಿ ಬೀದಿ ಬೀದಿ ಅಲೆಯುತ್ತಿದ್ದೆವು. ಬೋರ್‌ವೆಲ್ ಹತ್ತಿರ ಒಬ್ಬ ಅಜ್ಜಿಯ ಕೊಡಕ್ಕೆ ಮೂವರು ಒಟ್ಟಿಗೆ ಕೈ ಹಾಕಿದಾಗ ಆಕೆ, "ಬಿಡ್ರವ್ವ, ನೀವು ಹಿಡಕಂಡ್ರೆ ಅರ್ಧ ನೀರು ದಾರಿಗೇ ಹೋಯ್ತದೆ" ಎಂದು ಗದರಿದ್ದಳು. ಆದರೂ ಮೂವರೂ ಗಂಟು ಬಿಚ್ಚಿಕೊಂಡೆವು. ಅದೇ ಹೊತ್ತಿಗೆ ಮನೆಯಲ್ಲಿ ಅಮ್ಮ ಒಬ್ಬಳೇ ನೀರು ಸೇದುತ್ತಿದ್ದಳು. ಅಮ್ಮನಿಗೆ ಮಾಡಿದ ಸಹಾಯ ಡೈರಿಯಲ್ಲಿ ಬರೆಯಲು ಅಷ್ಟು ಚೆನ್ನಾಗಿರುತ್ತಿರಲಿಲ್ಲ ನೋಡಿ.

1977ರಲ್ಲಿ ನಾನು ಸೇವಾ ಸಂಘಕ್ಕೂ ಕಾರ್ಯದರ್ಶಿಯಾದೆ. ಜೂನ್ ತಿಂಗಳಲ್ಲಿ ಬಡ ವಿದ್ಯಾರ್ಥಿನಿಯರಿಗೆ ನೋಟ್‌ಬುಕ್ ವಿತರಣೆ. ವೇದಿಕೆ, ಹಾರ, ಫೋಟೋ ಎಲ್ಲ ಇತ್ತು. ನನ್ನದೇ ತರಗತಿಯ ಒಬ್ಬಳ ಹೆಸರನ್ನು ನಾನೇ ಕೂಗಿದೆ. ಅವಳ ತಾಯಿ ಮಂಡಿಯಲ್ಲಿ ಕೊಬ್ಬರಿ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಆ ಹುಡುಗಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಒಂದು ಸಲ ಬರೆದದ್ದೇ ಸಾಕಾಗಿದೆ. ಅವಳು ವೇದಿಕೆ ಹತ್ತಿ ಎರಡು ನೋಟ್‌ಬುಕ್ ತೆಗೆದುಕೊಂಡು ಹೋದಳು.

ಅದೇ ವರ್ಷ ನವೆಂಬರ್ 19ರಂದು ಆಂಧ್ರದ ಕರಾವಳಿಗೆ ಚಂಡಮಾರುತ ಅಪ್ಪಳಿಸಿತು. ಕೃಷ್ಣಾ ನದಿ ಸಮುದ್ರ ಸೇರುವ ದಿವಿಸೀಮೆಯಲ್ಲಿ ಕಡಲೇ ಎದ್ದು ಊರುಗಳ ಮೇಲೆ ಬಂತು. ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ನಮ್ಮ ಶಾಲೆಯಲ್ಲೂ ಪರಿಹಾರ ನಿಧಿಗೆ ಡಬ್ಬಿ ಇಟ್ಟರು. ಮೂರು ದಿನವಾದರೂ ಡಬ್ಬಿ ಅಲ್ಲಾಡಿಸಿದರೆ ಒಂದಿಷ್ಟು ಚಿಲ್ಲರೆಯ ಸದ್ದು, ಅಷ್ಟೆ. ಆಗ ಕಾರ್ಯದರ್ಶಿಯ ತಲೆಗೊಂದು ಉಪಾಯ ಹೊಳೆಯಿತು: ಕೊಟ್ಟವರ ಹೆಸರು, ಮೊತ್ತ ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆಯುವುದು. ಕೊಡದವರ ಹೆಸರೂ ಇರಲಿ, ಮುಂದೆ ಖಾಲಿ ಬಿಡೋಣ ಎಂದದ್ದೂ ನಾನೇ. ಟೀಚರ್ ಒಪ್ಪಿದರು. ಒಂದೇ ವಾರದಲ್ಲಿ ದುಡ್ಡು ನಾಲ್ಕು ಪಟ್ಟಾಯಿತು.

ಕೊನೆಗೆ ನಮ್ಮ ತರಗತಿಯಲ್ಲಿ ಒಂದೇ ಹೆಸರಿನ ಮುಂದೆ ಖಾಲಿ ಉಳಿಯಿತು. ಶುಕ್ರವಾರ ಮಧ್ಯಾಹ್ನ ಅವಳು ನನ್ನ ಬೆಂಚಿಗೆ ಬಂದು, ಜೂನ್‌ನಲ್ಲಿ ಕೊಟ್ಟ ಎರಡರಲ್ಲಿ ಒಂದು ನೋಟ್‌ಬುಕ್ ಮುಂದಿಟ್ಟಳು. ಒಂದಕ್ಷರವೂ ಬರೆದಿರಲಿಲ್ಲ. "ದುಡ್ಡಿಲ್ಲ ಕಣೆ. ಅಲ್ಲೂ ಮಕ್ಕಳಿರ್ತಾರಲ್ಲ, ಇದನ್ನ ಬರ್ಕೋ" ಎಂದಳು.

ನಾನು ಹೇಳಿದೆ, "ಇದು ನಾವೇ ನಿನಗೆ ಕೊಟ್ಟಿದ್ದಲ್ವೇನೆ? ನೀನು ಕೊಟ್ಟೆ ಅಂತ ಹ್ಯಾಗೆ ಬರೆಯೋದು?"

ಜಗಳದ ದನಿಯಲ್ಲಿ ಕೇಳಲಿಲ್ಲ. ಲೆಕ್ಕದ ಪ್ರಶ್ನೆ ಎಂಬಂತೆ ಕೇಳಿದೆ. ಅದು ನನಗೆ ಈಗಲೂ ಚುಚ್ಚುತ್ತದೆ. ಅವಳು ಸ್ವಲ್ಪ ಹೊತ್ತು ನಿಂತು, ನೋಟ್‌ಬುಕ್ ಅಲ್ಲೇ ಬಿಟ್ಟು ಹೋದಳು. ಅದನ್ನು ಸಂಘದ ಬೀರುವಿನಲ್ಲಿಟ್ಟೆ. ಬೋರ್ಡಿನಲ್ಲಿ ಖಾಲಿ ಹಾಗೇ ಇತ್ತು.

ಮನೆಗೆ ಬಂದು ಇದನ್ನು ತಮಾಷೆಯಂತೆ ಹೇಳಿದೆ. ಅಮ್ಮ ಅಕ್ಕಿ ಆರಿಸುತ್ತಿದ್ದಳು. "ಈಗ ಆ ಪುಸ್ತಕ ಎಲ್ಲಿದೆ?" ಎಂದು ಕೇಳಿದಳು. "ಬೀರುವಿನಲ್ಲಿ." "ಸೋಮವಾರ ಮೊದಲು ಅವಳ ಹೆಸರಿನ ಮುಂದೆ ಬರಿ" ಎಂದಳು. ನಾನು ಬರೆಯಲಿಲ್ಲ. ಟೀಚರ್ ಏನೆಂದುಕೊಳ್ಳುತ್ತಾರೋ ಎಂದು ಸೋಮವಾರ, ಮಂಗಳವಾರ ಕಳೆದವು. ಬುಧವಾರ ಬೋರ್ಡು ಒರೆಸಿದರು. ಮುಂದಿನ ಜೂನ್‌ನಲ್ಲಿ ಅದೇ ನೋಟ್‌ಬುಕ್ಕನ್ನು ಇನ್ನೊಬ್ಬಳಿಗೆ ವೇದಿಕೆಯ ಮೇಲೆ ಕೊಟ್ಟೆವು.

ಅಮ್ಮ ಯಾವ ಸಂಘದಲ್ಲೂ ಇರಲಿಲ್ಲ. ಓದಿದ್ದು ನಾಲ್ಕನೇ ತರಗತಿ. ಆದರೆ ಪಕ್ಕದ ಮನೆಯಿಂದ ಹುಳಿ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ಅವಳಿಗೆ ಗೊತ್ತಿತ್ತು. ಏನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲ ಹಾಕಿ ಕಳಿಸುತ್ತಿದ್ದಳು. ಕೊಟ್ಟವಳು ಅದನ್ನು ಬೇಡವೆನ್ನುವಂತಿಲ್ಲ, ಇದು ನಮ್ಮದೇ ಪಾತ್ರೆ ಎಂದು ಹೇಳುವಂತಿಲ್ಲ. ಗೌರಿ ಹಬ್ಬದ ಬಾಗಿನವನ್ನೇ ನೋಡಿ, ಕೊಟ್ಟವಳೂ ಮತ್ತೊಬ್ಬಳಿಂದ ಪಡೆಯುತ್ತಾಳೆ. ಮದುವೆ ಮನೆಯಲ್ಲಿ ಮುಯ್ಯಿ ಬರೆದುಕೊಳ್ಳುತ್ತಾರೆ ನಿಜ, ಹೆಸರು ಮೊತ್ತ ಎಲ್ಲ. ಆದರೆ ಬರೆಯುವುದು ಮುಂದೆ ನಾವು ತೀರಿಸುವುದಕ್ಕೆ. ಅಲ್ಲಿ ಇಂದು ಪಡೆದವನು ನಾಳೆ ಕೊಡುವವನು. ನಮ್ಮ ಸೇವಾ ಸಂಘದ ಪಟ್ಟಿಯಲ್ಲಿ ಮಾತ್ರ ಕೊಡುವವರು ಯಾವಾಗಲೂ ಕೊಡುವವರು, ಪಡೆಯುವವರು ಯಾವಾಗಲೂ ಪಡೆಯುವವರು.

ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ದಾನವನ್ನು ಮೂರು ಬಗೆಯಾಗಿ ವಿಂಗಡಿಸಿದೆ: ಪ್ರತಿಫಲ ಬಯಸದೆ ಕೊಡುವುದು, ಬಯಸಿ ಕೊಡುವುದು, ತಿರಸ್ಕಾರದಿಂದ ಕೊಡುವುದು. ಮೂರೂ ಕೊಡುವವನ ಮನಸ್ಸನ್ನು ನೋಡಿ ಹೇಳಿದ ಮಾತು. ನನ್ನ ಮನಸ್ಸಿನಲ್ಲಿ ಅಂದು ತಿರಸ್ಕಾರವಿರಲಿಲ್ಲ ಎಂದು ಪ್ರಮಾಣ ಮಾಡಿ ಹೇಳಬಲ್ಲೆ. ಆದರೂ ಅವಳಿಗೆ ತಗುಲಿದ್ದು ಅದೇ ಅಲ್ಲವೇ? ಕೊಡುವವಳ ಮನಸ್ಸು ಶುದ್ಧವಿದ್ದರೆ ಸಾಕು ಎಂಬ ಮಾತನ್ನು ನಾನು ಅಂದಿನಿಂದ ಪೂರ್ತಿ ನಂಬಿಲ್ಲ.

ಇನ್ನೊಂದು ಪ್ರಶ್ನೆಯೂ ಇದೆ, ಅದನ್ನು ಮರೆಮಾಚಬಾರದು. ಬೋರ್ಡು ಇಲ್ಲದಿದ್ದರೆ ಅಷ್ಟು ದುಡ್ಡು ಕೂಡುತ್ತಿರಲಿಲ್ಲ. ದಿವಿಸೀಮೆಯಲ್ಲಿ ಮನೆ ಮಕ್ಕಳು ಕೊಚ್ಚಿಹೋಗಿ ಕೂತಿದ್ದ ತಾಯಿಗೆ, ತನ್ನ ಪಾಲಿಗೆ ಬಂದ ಅಕ್ಕಿ ಯಾವ ಹುಡುಗಿಯ ನಾಚಿಕೆಯಿಂದ ಬಂತು ಎಂಬುದು ಮುಖ್ಯವೇ? ಆಕೆಯ ಕಡೆಯಿಂದ ನೋಡಿದರೆ ನನ್ನ ಉಪಾಯ ಸರಿ. ನನ್ನ ಬೆಂಚಿನ ಮುಂದೆ ನಿಂತವಳ ಕಡೆಯಿಂದ ನೋಡಿದರೆ ತಪ್ಪು. ದೂರದ ಕಷ್ಟ ದೊಡ್ಡದು, ಹತ್ತಿರದ್ದು ಸಣ್ಣದು ಎಂದು ತೂಗಿ ನೋಡುತ್ತೇನೆ. ತಕ್ಕಡಿ ಒಂದು ದಿನವೂ ನೆಟ್ಟಗೆ ನಿಂತಿಲ್ಲ. ಒಂದು ಮಾತು ಮಾತ್ರ ಖಚಿತ: ಆ ನೋಟ್‌ಬುಕ್ ಬರೆದುಕೊಂಡಿದ್ದರೆ ದಿವಿಸೀಮೆಗೆ ಒಂದು ಪೈಸೆಯೂ ಕಡಿಮೆಯಾಗುತ್ತಿರಲಿಲ್ಲ.

ಅವಳು ಎಸ್ಸೆಸ್ಸೆಲ್ಸಿ ಪಾಸಾದಳು. ನನ್ನ ಜೊತೆ ಮಾತು ಬಿಟ್ಟಿರಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಆಮೇಲೆ ಎಲ್ಲಿ ಹೋದಳೋ ಗೊತ್ತಿಲ್ಲ.

ಇಷ್ಟನ್ನೂ ಮೊಮ್ಮಗಳಿಗೆ ಹೇಳಲಿಲ್ಲ. "ಹೆಸರು ಬರೆಯಬಹುದೇ ಅಂತ ಅವಳನ್ನ ಕೇಳಿದೆಯಾ?" ಎಂದಷ್ಟೇ ಕೇಳಿದೆ. "ಅದಕ್ಕೆಲ್ಲ ಯಾರು ಕೇಳ್ತಾರೆ ಅಜ್ಜಿ" ಎಂದು ಮುಖ ಸೊಟ್ಟ ಮಾಡಿ ತಾರಸಿಗೆ ಹೋದಳು. ಹತ್ತು ನಿಮಿಷದಲ್ಲಿ ದಡದಡ ಇಳಿದು ಬಂದಳು.

"ಬರ್ಕೋ ಅಂದ್ಲು. ಆದರೆ ಅವರ ಸ್ಕೂಲಲ್ಲೂ ಇಕೋ ಕ್ಲಬ್ ಇದೆಯಂತೆ, ಅವಳೂ ರಿಪೋರ್ಟ್ ಕೊಡಬೇಕಂತೆ. ನನಗೆ ಗೊಬ್ಬರ ಮಾಡೋದು, ಟೊಮೆಟೊ ಸಸಿ ನೆಡೋದು ಹೇಳಿಕೊಟ್ಟಿದ್ದಾಳಲ್ಲ, ಅದಕ್ಕೆ ನನ್ನ ಹೆಸರು ಬರೀಲಾ ಅಂತ ಕೇಳ್ತಿದಾಳೆ. ನನ್ನ ಹೆಸರು ಯಾಕಜ್ಜಿ?"

ಫಾರಂ ಇನ್ನೂ ಮೇಜಿನ ಮೇಲಿದೆ. ಕೊಡಲು ಸೋಮವಾರದವರೆಗೆ ಸಮಯವಿದೆಯಂತೆ.