ನೂಲಿನ ತೂತು, ಮನುಷ್ಯನ ತೂತು

ಬನಾರಸ್ ಸೀರೆಯನ್ನು ನಾವು ಮುಟ್ಟಿ ನೋಡುತ್ತೇವೆ, ಬೆಲೆ ಕೇಳುತ್ತೇವೆ. ಅದನ್ನು ನೇಯುವ ಮಗ್ಗದ ಮೇಲೆ ತೂಗಾಡುವ ರಟ್ಟಿನ ಮಾಲೆಯನ್ನು ಕಂಡವರು ನಮ್ಮಲ್ಲಿ ಕಡಿಮೆ. ಒಂದೊಂದು ರಟ್ಟಿನಲ್ಲೂ ಸಾಲು ಸಾಲು ತೂತುಗಳು. ತೂತಿದ್ದ ಕಡೆ ಹಾಸಿನ ನೂಲು ಮೇಲೇಳುತ್ತದೆ, ಇಲ್ಲದ ಕಡೆ ಅಲ್ಲೇ ಉಳಿಯುತ್ತದೆ, ನಡುವೆ ಲಾಳಿ ಹಾಯುತ್ತದೆ. ಹೂವು, ಬಳ್ಳಿ ಎಲ್ಲವೂ 'ಉಂಟು', 'ಇಲ್ಲ' ಎಂಬ ಎರಡೇ ಮಾತುಗಳಿಂದ ಅರಳುತ್ತವೆ.

1804ರ ಸುಮಾರಿಗೆ ಈ ಏರ್ಪಾಡನ್ನು ರೂಢಿಗೆ ತಂದವರು ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮೇರಿ ಜಕಾರ್ಡ್. ಅದಕ್ಕೆ ಮುಂಚೆ ನೇಕಾರನ ಜೊತೆಗಿದ್ದು ಹಗ್ಗ ಎಳೆಯಲು ಹುಡುಗರು ಬೇಕಿತ್ತು. ಆ ಹುಡುಗರ ಕೆಲಸ ಹೋಯಿತು. ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜರಿಗೆ ಅದೇ ರಟ್ಟಿನಲ್ಲಿ ಬೇರೊಂದು ಸಾಧ್ಯತೆ ಕಂಡಿತು. ನೂಲಿಗೆ ಆಜ್ಞೆ ಕೊಡಬಲ್ಲ ತೂತು ಅಂಕಿಗೂ ಕೊಡಬಾರದೇಕೆ? 1830ರ ದಶಕದಲ್ಲಿ ಅವರು ಯೋಜಿಸಿದ ಲೆಕ್ಕದ ಯಂತ್ರ ಪೂರ್ಣಗೊಳ್ಳಲಿಲ್ಲ. ಆದರೆ ಸುಮಾರು 24,000 ರಟ್ಟುಗಳ ನೆರವಿನಿಂದ ರೇಷ್ಮೆಯಲ್ಲಿ ನೇಯ್ದ ಜಕಾರ್ಡರ ಭಾವಚಿತ್ರವನ್ನು ಮನೆಯಲ್ಲಿಟ್ಟು ಅತಿಥಿಗಳಿಗೆ ತೋರಿಸುತ್ತಿದ್ದರು. ವಿದ್ಯೆಯ ಋಣವನ್ನು ಹೀಗೆ ಗೋಡೆಗೆ ತೂಗುಹಾಕಿದವರು ಅಪರೂಪ.

ಅಮೆರಿಕದಲ್ಲಿ 1880ರ ಜನಗಣತಿಯ ಲೆಕ್ಕ ಮುಗಿಯಲು ಏಳೆಂಟು ವರ್ಷ ಹಿಡಿದಿತ್ತು. 1890ರ ಗಣತಿಯಲ್ಲಿ ಹರ್ಮನ್ ಹಾಲರಿತ್ ವ್ಯಕ್ತಿಗೊಂದು ಕಾರ್ಡು ಮಾಡಿ, ವಯಸ್ಸು, ಲಿಂಗ, ಜನಾಂಗಗಳಿಗೆ ತೂತು ಹೊಡೆಸಿ, ವಿದ್ಯುತ್ ಯಂತ್ರದಿಂದ ಎಣಿಸಿದರು. ರೈಲಿನ ಕಂಡಕ್ಟರ್ ಪ್ರಯಾಣಿಕನ ಚಹರೆಯನ್ನು ಟಿಕೆಟಿನ ತೂತುಗಳಲ್ಲಿ ಗುರುತಿಸುತ್ತಿದ್ದುದು ತಮಗೆ ಹೊಳಹು ಕೊಟ್ಟಿತೆಂದು ಅವರೇ ಹೇಳಿಕೊಂಡಿದ್ದಾರೆ. ಅವರ ಕಂಪೆನಿ ಇತರ ಕಂಪೆನಿಗಳೊಡನೆ ವಿಲೀನಗೊಂಡು 1924ರಲ್ಲಿ ಐಬಿಎಂ ಎಂಬ ಹೆಸರು ಪಡೆಯಿತು.

ಒಂದು ಕ್ಷೇತ್ರದ ಅರಿವು ಇನ್ನೊಂದಕ್ಕೆ ದಾಟುವುದನ್ನು ನಾವು ಪ್ರಗತಿಯೆಂದು ಕೊಂಡಾಡುತ್ತೇವೆ. ಕೊಂಡಾಡಬೇಕಾದದ್ದೇ. ಆದರೆ ದಾಟುವಾಗ ಹಿಂದೆ ಉಳಿದುಹೋಗುವುದೇನು? ಮಗ್ಗದಲ್ಲಿ ತಪ್ಪು ತೂತು ಬಿದ್ದರೆ ಅದು ನೇಕಾರನ ಕಣ್ಣೆದುರೇ ಬಟ್ಟೆಯಲ್ಲಿ ಕಾಣುತ್ತದೆ. ಕಾರ್ಡು ಎಣಿಸುವ ಕಚೇರಿಯಲ್ಲಿ ಮನುಷ್ಯ ಎದುರಿಗಿಲ್ಲ. ತಂತ್ರವೇನೋ ದಾಟಿತು, ನೇಕಾರನ ಎಚ್ಚರ ದಾಟಲಿಲ್ಲ. ನೂಲನ್ನು ಬೇರ್ಪಡಿಸಲು ನೂಲಿನ ಒಪ್ಪಿಗೆ ಬೇಕಿಲ್ಲ. ಮನುಷ್ಯರನ್ನು ಬೇರ್ಪಡಿಸುವಾಗ?

1933ರಲ್ಲಿ, ಹಿಟ್ಲರ್ ಅಧಿಕಾರಕ್ಕೆ ಬಂದ ಕೆಲವೇ ತಿಂಗಳಲ್ಲಿ, ಜರ್ಮನಿಯ ಜನಗಣತಿ ನಡೆಯಿತು. ಪ್ರಶ್ಯಾ ರಾಜ್ಯದ ಲೆಕ್ಕವನ್ನು ಐಬಿಎಂನ ಜರ್ಮನ್ ಅಂಗಸಂಸ್ಥೆ ಇಂಥ ಯಂತ್ರಗಳಿಂದಲೇ ಮಾಡಿಕೊಟ್ಟಿತು. ಕಾರ್ಡಿನಲ್ಲಿ ಧರ್ಮಕ್ಕೂ ಒಂದು ತೂತಿತ್ತು. ಹೊಡೆಯುವ ಗುಮಾಸ್ತರಿಗೆ ಅದೂ ಉಳಿದ ತೂತುಗಳಂತೆಯೇ. ಯೆಹೂದಿಯರ ನರಮೇಧಕ್ಕೆ ಈ ಯಂತ್ರಗಳು ಎಷ್ಟು ನೆರವಾದವು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಆದರೆ ಯಾರು ಯಾರೆಂದು ವಿಂಗಡಿಸುವ ವ್ಯವಸ್ಥೆಯಂತೂ ಮೊದಲೇ ಸಿದ್ಧವಿತ್ತು.

ಕಾರ್ಡಿನ ಪೆಟ್ಟಿಗೆಯಲ್ಲಿ ಏನು ಅಡಗಿದೆ ಎಂಬುದನ್ನು ಚೆನ್ನಾಗಿ ಅರಿತವರು ಜರ್ಮನರ ವಶದಲ್ಲಿದ್ದ ಹಾಲೆಂಡಿನಲ್ಲಿದ್ದರು. 1943ರ ಮಾರ್ಚ್ 27ರ ರಾತ್ರಿ ಆಮ್‌ಸ್ಟರ್‌ಡಾಮಿನ ಜನನೋಂದಣಿ ಕಚೇರಿಗೆ ಪೊಲೀಸರ ವೇಷದಲ್ಲಿ ಗುಂಪೊಂದು ನುಗ್ಗಿತು. ಪೆಟ್ಟಿಗೆಗಳನ್ನು ಬರಿದು ಮಾಡಿ, ಕಾರ್ಡುಗಳನ್ನು ನೆಲದ ಮೇಲೆ ರಾಶಿ ಹಾಕಿ, ಸಿಡಿಮದ್ದಿಟ್ಟಿತು. ಮುಂದಾಳುಗಳಲ್ಲಿ ಒಬ್ಬರಾದ ವಿಲೆಮ್ ಅರೊಂಡೇಯಸ್ ಚಿತ್ರಕಲಾವಿದರು. ಜುಲೈ 1ರಂದು ಅವರನ್ನೂ ಸಂಗಡಿಗರನ್ನೂ ಗುಂಡಿಕ್ಕಿ ಕೊಂದರು. ಕಾರ್ಡುಗಳಲ್ಲಿ ಒಂದು ಪಾಲು ಮಾತ್ರ ಸುಟ್ಟಿತ್ತು.